ಬೊಂಡದ ನೀರು ಮತ್ತು ರೋಮಿನ ಪಂಡಿತರು

ರೋಮಿಗೆ ಹೋಗಿ ಬಂದ ಮೇಲೆ ಆಲಂಕಾರು ಪೇಟೆಯಲ್ಲಿ ನನಗೆ ನೆಮ್ಮದಿಯಿಂದ ಒಂದು ಚಾ ಕುಡಿಯಲು ಆಗುತ್ತಿಲ್ಲ. ಬೆಂಚಿನಲ್ಲಿ ಕೂತ ಕೂಡಲೇ ಯಾರಾದರೊಬ್ಬರು ಕೇಳುತ್ತಾರೆ: "ಹೇಗುಂಟು ಮಾಸ್ಟ್ರೇ ರೋಮು? ಪೋಪರನ್ನು ಕಂಡ್ರಾ?" ದೊಡ್ಡ ಊರು ಮಾರಾಯ್ರೆ ಎನ್ನುತ್ತೇನೆ. ಪೋಪರು ತುಂಬ ದೂರದಲ್ಲಿದ್ದರು, ಕಿಟಕಿಯಲ್ಲಿ ಬೆಳ್ಳಗೆ ಏನೋ ಅಲ್ಲಾಡಿತು, ಅವರೇ ಇರಬೇಕು ಎನ್ನುತ್ತೇನೆ. ಅವರು ನಗುತ್ತಾರೆ. ನಾನೂ ನಗುತ್ತೇನೆ. ಚಾ ಆರುತ್ತದೆ.

ನಾನು ಹೋದದ್ದು ಊರು ನೋಡಲಿಕ್ಕಲ್ಲ. ಒಂದು ಪ್ರಶ್ನೆ ಕೇಳಲಿಕ್ಕೆ ಹೋಗಿದ್ದೆ. ಕೇಳಿಯೂ ಬಂದೆ. ಚಾದಂಗಡಿಯಲ್ಲಿ ಅದನ್ನು ಹೇಳಲು ಆಗುವುದಿಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು

ನಾನು ಕನ್ನಡ ಮಾಸ್ತರ. ಆಲಂಕಾರಿನಿಂದ ಕಡಬದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಕ್ರೈಸ್ತರ ಇಗರ್ಜಿ, ಅದಕ್ಕೆ ತಾಗಿಕೊಂಡು ಶಾಲೆ. ಇಗರ್ಜಿಯ ಪಾದ್ರಿ ಫಾದರ್ ಆಲ್ದೊ ಇಟಲಿಯವರು. ಮಕ್ಕಳಿಗೆ ಧರ್ಮದ ಪಾಠವನ್ನು ಕನ್ನಡದಲ್ಲೇ ಹೇಳಬೇಕೆಂಬುದು ಅವರ ಹಟ. ಅದಕ್ಕಾಗಿ ಶಾಲೆ ಬಿಟ್ಟ ಮೇಲೆ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಒಂದೊಂದೇ ಶಬ್ದ ಕೇಳುತ್ತಿದ್ದರು. ಶಬ್ದ ಕೊಡಬೇಕಾದರೆ ನನಗೆ ಮೊದಲು ಅರ್ಥವಾಗಬೇಕಲ್ಲ? ಹೀಗೆ ಅವರಿಗೆ ಕನ್ನಡ ಕಲಿಸಲು ಹೋಗಿ ನಾನು ಅವರ ತತ್ತ್ವಶಾಸ್ತ್ರ ಕಲಿತೆ.

ಒಂದು ಸಂಜೆ ಅವರು ಬಟ್ಟಲಿನಿಂದ ರೊಟ್ಟಿಯ ತುಂಡೊಂದನ್ನು ಎತ್ತಿ ಹಿಡಿದರು. ಇದರ ಬಣ್ಣ ಬದಲಾದರೂ ಇದು ರೊಟ್ಟಿಯೇ, ಆಕಾರ ಬದಲಾದರೂ ರೊಟ್ಟಿಯೇ, ಹಾಗಾದರೆ ಇದನ್ನು ರೊಟ್ಟಿ ಮಾಡುವುದು ಯಾವುದು ಎಂದು ಕೇಳಿದರು. ಕಣ್ಣಿಗೆ ಕಾಣದ ಆ ಒಂದಕ್ಕೆ ನಾವಿಬ್ಬರೂ ಸೇರಿ 'ತಿರುಳು' ಎಂದು ಹೆಸರಿಟ್ಟೆವು. ಕಾಣುವ ಉಳಿದದ್ದಕ್ಕೆಲ್ಲ 'ತೋರಿಕೆ'. ಪೂಜೆಯಲ್ಲಿ ರೊಟ್ಟಿಯ ತೋರಿಕೆ ಹಾಗೇ ಉಳಿದು ತಿರುಳು ಮಾತ್ರ ಕ್ರಿಸ್ತರ ದೇಹದ್ದಾಗುತ್ತದೆ ಎಂಬುದನ್ನು ನಾನು ಚಿಕ್ಕಂದಿನಿಂದ ನಂಬಿದವನು. ಆ ನಂಬಿಕೆಯ ಹಿಂದೆ ಇಷ್ಟು ಅಚ್ಚುಕಟ್ಟಾದ ವಿಚಾರ ಇದೆಯೆಂದು ಗೊತ್ತಿರಲಿಲ್ಲ. ಮನೆಗೆ ಹೋಗುವಾಗ ದಾರಿಯ ಕಲ್ಲು, ದನ, ಗೇರುಮರ ಎಲ್ಲದರಲ್ಲೂ ತಿರುಳು ಹುಡುಕುತ್ತಾ ಹೋದೆ. ನನಗೆ ಹುಚ್ಚು ಹಿಡಿದಷ್ಟು ಖುಷಿಯಾಗಿತ್ತು.

ಜ್ಞಾನಸ್ನಾನದ ಪಾಠವೂ ಬಂತು. ತಲೆಯ ಮೇಲೆ ನೀರು ಹೊಯ್ದು ಒಬ್ಬನನ್ನು ಕ್ರೈಸ್ತನನ್ನಾಗಿ ಮಾಡುವ ಸಂಸ್ಕಾರ ಅದು. ಅದಕ್ಕೆ ನೀರು ಬೇಕು, ಹೇಳಬೇಕಾದ ಮಾತು ಬೇಕು, ಇಗರ್ಜಿ ಏನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸು ಬೇಕು. ಇವು ಕೂಡಿದರೆ, ಜೀವ ಹೋಗುವ ಹೊತ್ತಿನಲ್ಲಿ ಹಿಂದುವೋ ಬ್ಯಾರಿ ಮುಸಲ್ಮಾನನೋ ಕೊಟ್ಟರೂ ಆಗುತ್ತದೆ. ಒಮ್ಮೆ ಆಯಿತೆಂದರೆ ಆತ್ಮದ ಮೇಲೆ ಬಿದ್ದ ಆ ಗುರುತನ್ನು ಯಾರೂ ಒರೆಸಲಾರರು. ಪಾಪ ಮಾಡಿದರೂ ಹೋಗದು, ಧರ್ಮ ಬಿಟ್ಟರೂ ಹೋಗದು. ಇದಕ್ಕೆ ಕನ್ನಡ ಸಿಗದೆ ಫಾದರ್ ಎಷ್ಟೋ ದಿನ ಪೇಚಾಡಿದರು. 'ಅಳಿಯದ ಮುದ್ರೆ' ಎನ್ನಿ ಎಂದು ನಾನು ಹೇಳಿದಾಗ ಎದ್ದು ಬಂದು ನನ್ನ ಬೆನ್ನು ತಟ್ಟಿದರು.

ಆಮೇಲೆ ನನ್ನ ಹೆಂಡತಿ ಸೆವ್ರಿನ್ ಬಸುರಿಯಾದಳು. ಮದುವೆಯಾಗಿ ಬಹಳ ಕಾಲದ ಮೇಲೆ, ನಾವಿಬ್ಬರೂ ಆಸೆ ಬಿಟ್ಟ ಮೇಲೆ. ತಿಂಗಳು ತುಂಬುವ ಮೊದಲೇ ನೋವು ಶುರುವಾಯಿತು. ನಾನು ಡಾಕ್ಟರನ್ನು ಕರೆತರಲು ಪುತ್ತೂರಿಗೆ ಓಡಿದೆ. ಮನೆಯಲ್ಲಿ ಅವಳ ಜೊತೆಗೆ ಇದ್ದವಳು ನೆರೆಮನೆಯ ಪೂವಕ್ಕ. ಸುಳ್ಯದ ಕಡೆಯ ಗೌಡರ ಹೆಂಗಸು, ಮನೆಯಲ್ಲಿ ಅರೆಭಾಷೆ, ನಮ್ಮೊಡನೆ ಕನ್ನಡ. ಸುತ್ತಲಿನ ಎಷ್ಟೋ ಮಕ್ಕಳು ಅವಳ ಕೈಯಲ್ಲೇ ಭೂಮಿಗೆ ಬಂದವರು. ಮಗು ಗಂಡು, ಅಳಲೂ ತ್ರಾಣವಿಲ್ಲ. ಉಳಿಯುವುದಿಲ್ಲವೆಂದು ಸೆವ್ರಿನ್‌ಗೆ ಗೊತ್ತಾಯಿತು. ಮಲಗಿದಲ್ಲಿಂದಲೇ ಪೂವಕ್ಕನಿಗೆ ಹೇಳಿಕೊಟ್ಟಳು: ತಲೆಗೆ ನೀರು ಹಾಕು, ಹಾಕುತ್ತಾ ಈ ಮಾತು ಹೇಳು. ಪೂವಕ್ಕ ಒಂದು ಅಕ್ಷರ ತಪ್ಪದೆ ಹೇಳಿದಳು. ಅಂತೋನಿ ಎಂದು ಹೆಸರನ್ನೂ ಸೇರಿಸಿ ಹೇಳಿದಳು. ಅಷ್ಟು ಹೊತ್ತಿಗೆ ಸೆವ್ರಿನ್‌ಗೆ ಕಣ್ಣು ಕತ್ತಲೆ ಬಂದಿತ್ತು.

ಡಾಕ್ಟರೊಡನೆ ನಾನು ಬಂದಾಗ ಎಲ್ಲ ಮುಗಿದಿತ್ತು. "ಜ್ಞಾನಸ್ನಾನ ಆಯ್ತು, ಹೆದರ್ಬೇಡಿ" ಎಂದಳು ಸೆವ್ರಿನ್. ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು.

ಮಣ್ಣು ಮಾಡುವ ಮೊದಲು ಪಾದ್ರಿ ವಿಚಾರಿಸಿಕೊಳ್ಳುವುದು ಕ್ರಮ. ಫಾದರ್ ಆಲ್ದೊ ನಮ್ಮ ಅಂಗಳಕ್ಕೆ ಬಂದು ಪೂವಕ್ಕನನ್ನು ಕೇಳಿದರು. ಮಾತು ಹೇಗೆ ಹೇಳಿದಿರಿ? ಅವಳು ಹೇಳಿ ತೋರಿಸಿದಳು. ನೀರು ಎಲ್ಲಿಯದು?

"ಮಡಕೆಯ ನೀರು ಹಾಕ್ಲಿಕ್ಕೆ ನಂಗೆ ಮನಸ್ಸು ಬರ್ಲಿಲ್ಲ ಫಾದರ್," ಎಂದಳು ಪೂವಕ್ಕ. "ಹೆತ್ತ ಕೋಣೆಯ ನೀರಲ್ಲವಾ ಅದು, ಅಮೆ-ಸೂತಕದ ನೀರು. ದೇವರ ಕೆಲಸಕ್ಕೆ ಹಾಗೆ ಮಾಡುದು ಉಂಟಾ? ಸೆವ್ರಿನ್ ಬಾಯಿಗೆ ಕುಡೀಲಿಕ್ಕೆ ಅಂತ ಎಳನೀರಿನ ಬೊಂಡ ಕೊಯ್ಸಿ ಇಟ್ಟದ್ದು ಇತ್ತು. ಅದನ್ನು ಕೆತ್ತಿ ಹಾಕಿದೆ. ಯಾರ ಕೈಯೂ ತಾಗದ್ದು ಅದೊಂದೇ ಅಲ್ಲವಾ?"

ಅವಳ ಮುಖದಲ್ಲಿ ಸಮಾಧಾನವಿತ್ತು. ಅವರ ದೇವರ ತಲೆಗೆ ಯಾವುದನ್ನು ಎರೆಯುತ್ತಾರೋ ಅದನ್ನೇ ನನ್ನ ಮಗನ ತಲೆಗೆ ಎರೆದಿದ್ದಳು. ಅದಕ್ಕಿಂತ ದೊಡ್ಡ ಮರ್ಯಾದೆ ಅವಳ ಬಳಿ ಇರಲಿಲ್ಲ.

ಫಾದರ್ ನನ್ನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿತ್ತು. ಮರ ಕುಡಿದದ್ದು ಬಾವಿಯ ನೀರೇ ಆದರೂ, ತನ್ನ ಜೀವದಿಂದ ಅದನ್ನು ಬೇರೆ ಮಾಡಿದೆ. ತೋರಿಕೆ ನೀರಿನದು, ತಿರುಳು ಮರದ್ದು. ಬೊಂಡದ ನೀರು ನೀರಲ್ಲ, ಆದ್ದರಿಂದ ಜ್ಞಾನಸ್ನಾನ ಆಗಿಲ್ಲ. ನಾನು ಚೆನ್ನಾಗಿ ಪಾಠ ಕಲಿತಿದ್ದೆ.

ಅಂತೋನಿಯನ್ನು ಸ್ಮಶಾನದ ಮುರಕಲ್ಲಿನ ಗೋಡೆಯ ಹೊರಗೆ ಹೂಳಿದೆವು. ಮಂತ್ರಿಸಿದ ನೆಲ ಗೋಡೆಯ ಒಳಗೆ ಮಾತ್ರ. ಪೂವಕ್ಕನಿಗೆ ಕಾರಣ ಹೇಳಲು ನನಗಾಗಲಿ ಸೆವ್ರಿನ್‌ಗಾಗಲಿ ಬಾಯಿ ಬರಲಿಲ್ಲ. ಸಣ್ಣ ಮಕ್ಕಳಿಗೆ ನಮ್ಮಲ್ಲಿ ಬೇರೆ ಜಾಗವೆಂದು ಅವಳು ತಾನೇ ತಿಳಿದುಕೊಂಡಳು. ಸೆವ್ರಿನ್ ಪ್ರತಿ ಭಾನುವಾರ ಪೂಜೆಗೆ ಹೋಗುತ್ತಾಳೆ. ಆ ರೊಟ್ಟಿಯ ಪ್ರಸಾದ ಕೊಡುವ ಹೊತ್ತಿಗೆ ಎದ್ದು ಹೊರಗೆ ಬಂದು ಗೋಡೆಯ ಬಳಿ ನಿಲ್ಲುತ್ತಾಳೆ.

ಮುಂದೆ ಫಾದರ್ ಆಲ್ದೊ ಅವರ ಕಣ್ಣು ಮಂಜಾಯಿತು, ಕಾಲು ಬಾತಿತು. ಊರಿಗೆ ಮರಳಬೇಕೆಂದು ಮೇಲಿನವರು ನಿರ್ಧರಿಸಿದರು. ಹಡಗಿನಲ್ಲಿ ಕೈಹಿಡಿದು ಕರೆದೊಯ್ಯುವವರು ಬೇಕಿತ್ತು. ನಾನು ಹೋಗುತ್ತೇನೆ ಎಂದೆ. ಎಲ್ಲರೂ ಮಾಸ್ತರರ ಗುರುಭಕ್ತಿಯನ್ನು ಹೊಗಳಿದರು. ಸೆವ್ರಿನ್‌ಗೆ ಮಾತ್ರ ನಿಜ ಗೊತ್ತಿತ್ತು. ಬಸ್ಸಿನ ಬಾಗಿಲಲ್ಲಿ ನಿಂತು ನಮ್ಮ ಕೊಂಕಣಿಯಲ್ಲಿ ಹೇಳಿದಳು: "ನನಗೆ ಜಪಮಣಿ ಎಲ್ಲ ಬೇಡ. ಅವನು ಎಲ್ಲಿ ಇದ್ದಾನೆ ಅಂತ ಕೇಳ್ಕೊಂಡು ಬನ್ನಿ."

ಹಡಗು

ಬೊಂಬಾಯಿಯಲ್ಲಿ ಹಡಗು ಹತ್ತಿದೆವು. ಸಮುದ್ರ ಪ್ರಯಾಣದ ಬಗ್ಗೆ ಬರೆದವರೆಲ್ಲ ಸೂರ್ಯಾಸ್ತದ ಬಗ್ಗೆ ಬರೆದಿದ್ದಾರೆ. ನಾನು ಹೆಚ್ಚಾಗಿ ಕಂಡದ್ದು ವಾಂತಿಯ ಬೋಗುಣಿ. ನಮ್ಮ ಕುಮಾರಧಾರೆಯಲ್ಲಿ ದೋಣಿಯಲ್ಲಿ ದಾಟಿದವನಿಗೆ ಸಮುದ್ರ ಎಂತ ಮಹಾ ಎಂದು ಜಂಬ ಕೊಚ್ಚಿದ್ದೆ. ಮೊದಲ ದಿನವೇ ಆ ಜಂಬವೂ ಬೋಗುಣಿಗೆ ಹೋಯಿತು. ಎದ್ದು ಕೂರುವಷ್ಟಾದಾಗ ಫಾದರ್ ನನ್ನನ್ನು ಆರೈಕೆ ಮಾಡುತ್ತಿದ್ದರು. ಅವರನ್ನು ನೋಡಿಕೊಳ್ಳಲು ಬಂದವನು ನಾನು.

ಊಟದ ಕೋಣೆಯಲ್ಲಿ ಮೇಜಿನ ಮೇಲೆ ಐದಾರು ಬಗೆಯ ಚಮಚ, ಕತ್ತಿ. ಯಾವುದನ್ನು ಯಾವಾಗ ಹಿಡಿಯಬೇಕೆಂದು ನೋಡಲು ಎದುರಿನ ಗೋವೆಯ ಹೆಂಗಸನ್ನು ಗಮನಿಸುತ್ತಿದ್ದೆ. ಅವರು ನನ್ನನ್ನೇ ಗಮನಿಸುತ್ತಿದ್ದರಂತೆ. ಇಬ್ಬರೂ ಸೂಪನ್ನು ಪಾಯಸದ ಚಮಚದಲ್ಲಿ ಕುಡಿದೆವು. ನನ್ನ ಪೆಟ್ಟಿಗೆಯಲ್ಲಿ ಸೆವ್ರಿನ್ ಹಾಕಿಕೊಟ್ಟ ಮಾವಿನ ಮಿಡಿಯ ಉಪ್ಪಿನಕಾಯಿಯ ಭರಣಿ ಇತ್ತು. ಫಾದರ್ ಸಂಕೋಚವಿಲ್ಲದೆ ಅದನ್ನು ಕೇಳಿ ಇಟಲಿಯ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಿದ್ದರು.

ಡೆಕ್ಕಿನಲ್ಲಿ ಕೂತು ಅವರು ಒಂದು ದಿನ, "ಮಾಸ್ತರೇ, ನೀವು ನನ್ನ ಮೇಲೆ ಕೋಪದಲ್ಲಿ ಇದ್ದೀರಿ" ಎಂದರು.

"ಇಲ್ಲ ಫಾದರ್," ಎಂದೆ. "ಕೋಪ ಇದ್ದಿದ್ದರೆ ಸುಲಭ ಇತ್ತು. ನೀವು ಹೇಳಿದ್ದು ಸರಿ ಅಂತ ನನಗೆ ಅರ್ಥ ಆಗ್ತದೆ. ಅದೇ ನನ್ನ ಕಷ್ಟ."

ಅವರು ಸಮುದ್ರದ ಕಡೆ ಮುಖ ಮಾಡಿದರು. ಅವರ ಕಣ್ಣಿಗೆ ಅದು ಕಾಣಿಸುತ್ತಿತ್ತೋ ಇಲ್ಲವೋ. ರೋಮಿನಲ್ಲಿ ತಮ್ಮ ಜೊತೆಗೆ ಓದಿದವರೊಬ್ಬರು ಈಗ ದೊಡ್ಡ ಪಂಡಿತರು, ಅವರನ್ನು ಕೇಳೋಣ, ತಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರಬಹುದು ಎಂದರು. ಏಡನ್ ಬರುವವರೆಗೆ ನಾನು ಆ ಮಾತನ್ನೇ ಹಿಡಿದುಕೊಂಡು ಬದುಕಿದೆ. ಏಡನ್ನಿನಲ್ಲಿ ಕಂಡದ್ದು ಒಂದು ಹುಲ್ಲುಕಡ್ಡಿಯೂ ಇಲ್ಲದ ಕರಿ ಬೆಟ್ಟ. ಅಲ್ಲಿ ಕುಡಿಯುವ ನೀರು ದುರ್ಲಭವಂತೆ. ಇಂಥ ಕಡೆ ಮಗು ಹುಟ್ಟಿ ಸಾಯುವ ಹಾಗಿದ್ದರೆ ಜನ ಯಾವ ನೀರಿಗೆ ಹೋಗುತ್ತಾರೆ ಎಂದು ನನಗೆ ಮೊದಲು ಹೊಳೆಯಿತು. ಆ ಕಾಲದಲ್ಲಿ ನನ್ನ ತಲೆ ಹಾಗೇ ಓಡುತ್ತಿತ್ತು.

ನೇಪಲ್ಸ್

ಬಂದರಿನಲ್ಲಿ ಇಳಿದಾಗ ಕೂಲಿಯವರು ನಮ್ಮ ಪೆಟ್ಟಿಗೆಗಳ ಮೇಲೆ ಮುಗಿಬಿದ್ದರು. ಎಲ್ಲರೂ ಎಲ್ಲರನ್ನೂ ಬಯ್ಯುತ್ತಿರುವಂತೆ ಕಂಡಿತು. ಅದು ಬೈಗುಳವಲ್ಲ, ಬರೀ ಮಾತುಕತೆ ಎಂದು ಆಮೇಲೆ ಗೊತ್ತಾಯಿತು. ಪುತ್ತೂರಿನ ಸಂತೆ ಇದರ ಮುಂದೆ ಧ್ಯಾನಮಂದಿರ. ಒಬ್ಬ ಕೂಲಿಯವನು ನನ್ನ ಪೆಟ್ಟಿಗೆಯನ್ನು ಎಳೆದಾಗ ಫಾದರ್ ಗಟ್ಟಿಯಾಗಿ ಕೂಗಿದರು: "ನಿಧಾನ ಮಾರಾಯ, ಒಳಗೆ ಉಪ್ಪಿನಕಾಯಿ ಉಂಟು!"

ಕೂಲಿಯವನು ಬಾಯಿ ಬಿಟ್ಟು ನಿಂತ. ಹುಟ್ಟಿದ ದೇಶದ ನೆಲಕ್ಕೆ ಕಾಲಿಟ್ಟ ಕೂಡಲೇ ಅವರ ಬಾಯಲ್ಲಿ ಬಂದದ್ದು ನಮ್ಮ ಊರಿನ ಕನ್ನಡ. ಅವರಿಗೆ ನಾಚಿಕೆಯಾಯಿತು, ನನಗೆ ನಗು ಬಂತು. ಈ ಮನುಷ್ಯನನ್ನು ನಾನು ದ್ವೇಷಿಸಲಾರೆ ಎಂದು ಅಲ್ಲಿ ಖಚಿತವಾಯಿತು.

ಕಾಫಿ ಕೇಳಿದರೆ ಬೆರಳು ಅದ್ದುವಷ್ಟು ಲೋಟದಲ್ಲಿ ಕಷಾಯ ಕೊಟ್ಟರು. ನಿಂತುಕೊಂಡೇ ಒಂದೇ ಗುಟುಕಿಗೆ ಕುಡಿದು ಎಲ್ಲರೂ ಹೊರಟುಬಿಡುತ್ತಾರೆ. ಕೂತು ಊರ ಸುದ್ದಿ ಹೇಳದಿದ್ದರೆ ಕಾಫಿ ಕುಡಿಯುವುದಾದರೂ ಯಾಕೆ?

ರೋಮ್

ರೋಮಿನಲ್ಲಿ ಎಲ್ಲಿ ನೋಡಿದರೂ ನೀರು. ಬೀದಿಯ ಮೂಲೆಯಲ್ಲಿ ನೀರು, ಚೌಕದಲ್ಲಿ ನೀರು, ಕಲ್ಲಿನ ಕುದುರೆಯ ಬಾಯಲ್ಲಿ, ಮೀನಿನ ಬಾಯಲ್ಲಿ, ರಾಕ್ಷಸನ ಬಾಯಲ್ಲಿ ನೀರು. ಯಾರಿಗೂ ಬೇಡದೆ ಹಗಲಿಡೀ ಸುರಿದು ಚರಂಡಿಗೆ ಹೋಗುತ್ತದೆ. ನಾನು ಒಂದು ಕಾರಂಜಿಯ ಮುಂದೆ ಕೂತು ಕೈ ಒಡ್ಡಿದೆ. ಅಂಗೈಯಲ್ಲಿ ನಿಂತದ್ದು ಒಂದು ಮಗುವಿಗೆ ಸಾಕಾಗುತ್ತಿತ್ತು.

ಪಂಡಿತರ ಕೋಣೆಯ ಗೋಡೆ ಪೂರ್ತಿ ಪುಸ್ತಕ. ತೆಳ್ಳಗಿನ ಮುದುಕರು, ಬಹಳ ಸೌಜನ್ಯ. ಇಬ್ಬರು ಹಳೆಯ ಸ್ನೇಹಿತರು ಕೆನ್ನೆಗೆ ಕೆನ್ನೆ ತಾಗಿಸಿ ಅತ್ತರು. ಆಗ ಲೋಕದ ಬಿಷಪರೆಲ್ಲ ರೋಮಿನಲ್ಲಿ ಸೇರುವ ಮಹಾಸಭೆಗೆ ತಯಾರಿ ನಡೆಯುತ್ತಿತ್ತು. ಅವರ ಮೇಜಿನ ಮೇಲೆ ಅದರದ್ದೇ ಕಾಗದಗಳ ರಾಶಿ. ಅದನ್ನೆಲ್ಲ ಬದಿಗೆ ಸರಿಸಿ ನನ್ನ ಪ್ರಶ್ನೆಗೆ ಕಿವಿಗೊಟ್ಟರು. ಫಾದರ್ ನಡುವೆ ಕೂತು ಅವರ ಮಾತನ್ನು ನನಗೆ ಕನ್ನಡದಲ್ಲಿ, ನನ್ನ ಮಾತನ್ನು ಅವರಿಗೆ ಇಟಾಲಿಯನ್ನಿನಲ್ಲಿ ಹೇಳುತ್ತಿದ್ದರು.

ಪಂಡಿತರು ಬೊಂಡವನ್ನು ಕಂಡವರಲ್ಲ. ನಾನು ಕೈಯಲ್ಲಿ ಆಕಾರ ತೋರಿಸಿದೆ. ಅವರು ಕಾಗದದಲ್ಲಿ ಬರೆದದ್ದು ಕುಂಬಳಕಾಯಿಯ ಹಾಗೆ ಬಂತು. ಒಳಗಿನದು ದ್ರಾಕ್ಷಿ ಹಿಂಡಿದ ರಸದ ಹಾಗೋ? ಅಲ್ಲ, ಹಿಂಡುವುದಿಲ್ಲ, ತಾನೇ ಇರುತ್ತದೆ. ಬಣ್ಣ? ನೀರಿನದು. ರುಚಿ? ಸ್ವಲ್ಪ ಸಿಹಿ. ಅವರ ಕಣ್ಣು ಹೊಳೆಯಿತು. ಫಾದರ್ ಅನುವಾದ ಮಾಡಿದರು: "ಬಹಳ ಚಂದದ ಪ್ರಶ್ನೆ ಅಂತ ಹೇಳ್ತಾರೆ."

ಅವರು ಪಕ್ಕದ ಕೋಣೆಯಿಂದ ಇನ್ನೊಬ್ಬರನ್ನು ಕರೆಸಿದರು. ಶುರುವಾಯಿತು. ನಮ್ಮ ಕಡೆ ತಾಳಮದ್ದಳೆಯಲ್ಲಿ ಇಬ್ಬರು ಒಳ್ಳೆಯ ಅರ್ಥಧಾರಿಗಳು ವಾದಕ್ಕೆ ಕೂತರೆ ಹೇಗೋ ಹಾಗೆ. ಒಬ್ಬರು ಇದು ಖಂಡಿತ ನೀರಲ್ಲ ಎನ್ನುತ್ತಾರೆ, ಇನ್ನೊಬ್ಬರು ಖಂಡಿತ ಎನ್ನಲಾಗದು, ಸಂಶಯ ಎನ್ನಬಹುದು ಎನ್ನುತ್ತಾರೆ. ಪುಸ್ತಕ ತೆಗೆಯುತ್ತಾರೆ, ಮೇಜು ಕುಟ್ಟುತ್ತಾರೆ, ಮೆಚ್ಚಿ ನಗುತ್ತಾರೆ. ತಿರುಳು, ತೋರಿಕೆ, ತಿರುಳು, ತೋರಿಕೆ. ಬೇರೆ ದಿನವಾಗಿದ್ದರೆ ನಾನು ಊಟ ಬಿಟ್ಟು ಕೇಳುತ್ತಿದ್ದೆ. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅವರ ಮಧ್ಯೆ ನನ್ನ ಮಗ ಒಂದು ಉದಾಹರಣೆಯಾಗಿ ಮಲಗಿದ್ದ.

"ಮರಕ್ಕೆ ಹಾಕಿದ್ದು ನಮ್ಮ ಬಾವಿಯ ನೀರೇ," ಎಂದೆ.

ಜೀವವಿದ್ದದ್ದು ಯಾವುದನ್ನು ಕುಡಿಯುತ್ತದೋ ಅದನ್ನು ತನ್ನದು ಮಾಡಿಕೊಳ್ಳುತ್ತದೆ, ಆಮೇಲೆ ಅದು ಬರೀ ನೀರಲ್ಲ ಎಂದು ಉತ್ತರ ಬಂತು.

"ಕಣ್ಣೀರು?" ಎಂದು ಕೇಳಿದೆ. "ನೀರು ಇಲ್ಲದ ಕಡೆ ತಾಯಿ ತನ್ನ ಕಣ್ಣೀರನ್ನು ಹಾಕಿದ್ರೆ?"

ಫಾದರ್ ಸ್ವಲ್ಪ ತಡೆದು ಅದನ್ನೂ ಕೇಳಿದರು. ಪಂಡಿತರು ತಲೆಯಾಡಿಸಿದರು. ಅದಕ್ಕೆ ಚರ್ಚೆಯೇ ಬೇಡವಾಗಿತ್ತು. ಕಣ್ಣೀರು ಆಗುವುದಿಲ್ಲ.

ಹಾಗಾದರೆ ಮಗು ಎಲ್ಲಿ? ಇದಕ್ಕೆ ಪಂಡಿತರು ಮೃದುವಾದರು. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ನನ್ನ ಕೈ ಹಿಡಿದು, ನಿಧಾನವಾಗಿ ಹೇಳಿದರು. ಜ್ಞಾನಸ್ನಾನವಿಲ್ಲದೆ ಸತ್ತ ಶಿಶುಗಳಿಗೆ ಒಂದು ಬೇರೆ ಸ್ಥಿತಿ ಇದೆ, ಲಿಂಬೊ ಎನ್ನುತ್ತಾರೆ. ಅಲ್ಲಿ ಬೆಂಕಿಯಿಲ್ಲ, ನೋವಿಲ್ಲ. ಮನುಷ್ಯ ಸ್ವಭಾವಕ್ಕೆ ಎಷ್ಟು ಸುಖ ಸಾಧ್ಯವೋ ಅಷ್ಟು ಸುಖ. ದೇವರ ಮುಖ ಮಾತ್ರ ಕಾಣುವುದಿಲ್ಲ. ಕಾಣುತ್ತಿಲ್ಲ ಎಂಬುದೂ ಆ ಮಕ್ಕಳಿಗೆ ಗೊತ್ತಿರುವುದಿಲ್ಲ, ಆದ್ದರಿಂದ ದುಃಖವಿಲ್ಲ.

"ನಾವು ಸ್ವರ್ಗಕ್ಕೆ ಹೋದರೆ ಅವನನ್ನು ನೋಡ್ತೇವಾ ಅಂತ ಕೇಳಿ," ಎಂದೆ.

ಫಾದರ್ ಕೇಳಲಿಲ್ಲ. "ಅದು ಬೇಡ ಮಾಸ್ತರೇ," ಎಂದರು ಕನ್ನಡದಲ್ಲಿ.

"ಕೇಳಿ ಫಾದರ್. ಸೆವ್ರಿನ್ ಕೇಳ್ತಾಳೆ."

ಕೇಳಿದರು. ಪಂಡಿತರು ನನ್ನ ಕೈಯನ್ನು ಬಿಡದೆ ಕಿಟಕಿಯ ಕಡೆ ನೋಡಿದರು. ಸ್ವರ್ಗ ಬೇರೆ, ಲಿಂಬೊ ಬೇರೆ, ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ ಎಂದರು. ಆದರೆ ದೇವರನ್ನು ಕಂಡವರಿಗೆ ಬೇರೆ ಯಾವ ಕೊರತೆಯೂ ಕಾಡುವುದಿಲ್ಲ ಎಂದೂ ಸೇರಿಸಿದರು. ಅಂದರೆ ಸ್ವರ್ಗದಲ್ಲಿ ಸೆವ್ರಿನ್‌ಗೆ ಅಂತೋನಿಯ ನೆನಪು ನೋಯುವುದಿಲ್ಲ. ಅದನ್ನು ಅವರು ಸಮಾಧಾನಕ್ಕೆ ಹೇಳಿದ್ದು.

ಹೊರಡುವಾಗ ಮಹಾಸಭೆಯಲ್ಲಿ ಏನಾದರೂ ಹೊಸ ಮಾತು ಬರಬಹುದೇ ಎಂದು ಫಾದರ್ ತಾವಾಗಿಯೇ ವಿಚಾರಿಸಿದರು. ಭಾಷೆ ಬದಲಾಗಬಹುದು, ನೀರಿನ ತಿರುಳು ಬದಲಾಗದು ಎಂದು ಪಂಡಿತರು ನಕ್ಕರು. ಬಾಗಿಲವರೆಗೆ ಬಂದು ನನ್ನನ್ನು ಅಪ್ಪಿಕೊಂಡರು. ಬೀದಿಗೆ ಬಂದರೆ ಎದುರಿಗೇ ಕಾರಂಜಿ. ನನಗೆ ಅದರ ಸದ್ದು ಕೇಳಲು ಆಗಲಿಲ್ಲ. ಕಿವಿ ಮುಚ್ಚಿಕೊಂಡು ಫಾದರ್ ಅವರ ತೋಳನ್ನು ಬಿಟ್ಟದ್ದರಿಂದ ಅವರು ಮೆಟ್ಟಿಲಲ್ಲಿ ಎಡವಿದರು.

ಫಾದರ್ ಅವರ ಊರು

ರೈಲಿನಲ್ಲಿ ಉತ್ತರಕ್ಕೆ ಹೋಗಿ, ಬಸ್ಸಿನಲ್ಲಿ ಬೆಟ್ಟ ಹತ್ತಿ ಅವರ ಹಳ್ಳಿಗೆ ಬಂದೆವು. ಕಲ್ಲಿನ ಮನೆಗಳು, ಕಲ್ಲು ಹೊದೆಸಿದ ಮಾಡು, ಮೇಲೆ ಹಿಮದ ತಲೆಯ ಗುಡ್ಡ. ಫಾದರ್ ಅವರ ಸೊಸೆ ರೋಸಾ, ಎಂದರೆ ಅಕ್ಕನ ಮಗಳು, ನಮ್ಮನ್ನು ಒಳಗೆ ಕರೆದಳು. ಅಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತೊಳಸಿ, ಹಲಗೆಯ ಮೇಲೆ ಸುರಿದು, ನೂಲಿನಿಂದ ಕತ್ತರಿಸಿ ಬಡಿಸುತ್ತಾರೆ. ನಾನು ಉಪ್ಪಿನಕಾಯಿ ತೆಗೆದಿಟ್ಟೆ. ರೋಸಾ ಒಂದು ಚೂರು ಬಾಯಿಗೆ ಹಾಕಿ ಕಣ್ಣಲ್ಲಿ ನೀರು ತುಂಬಿಕೊಂಡು ಹೊರಗೆ ಓಡಿದಳು. ಫಾದರ್ ಗಂಜಿ ಇಲ್ಲವಲ್ಲ ಎಂದು ಕೊರಗಿದರು.

ಮರುದಿನ ಬೆಳಿಗ್ಗೆ ತಮ್ಮನ್ನು ಹಳ್ಳಿಯ ಇಗರ್ಜಿಗೆ ಕರೆದುಕೊಂಡು ಹೋಗಲು ಅವರು ನನಗೆ ಹೇಳಿದರು. ಒಳಗೆ ಹೋಗಲಿಲ್ಲ. ಗೋಡೆಯನ್ನು ಕೈಯಲ್ಲಿ ಸವರುತ್ತಾ ಪಕ್ಕಕ್ಕೆ ಬಂದು, ಮಾಡಿನ ಅಂಚಿನ ಕೆಳಗೆ ನಿಂತರು. ಹಿಮ ಕರಗಿ ಮಾಡಿನಿಂದ ಹನಿ ಬೀಳುತ್ತಿತ್ತು. ನೆಲದಲ್ಲಿ ಹನಿ ಬಿದ್ದು ಬಿದ್ದು ಸಾಲಾಗಿ ಗುಳಿಗಳು.

"ಇಲ್ಲಿ ನನ್ನ ತಮ್ಮ ಇದ್ದಾನೆ," ಎಂದರು.

ನಾನು ಅವರ ಮುಖ ನೋಡಿದೆ. ಅವರ ಹಳ್ಳಿಯಲ್ಲಿ ಹಿಂದೆ ಒಂದು ಪದ್ಧತಿ ಇತ್ತಂತೆ. ಜ್ಞಾನಸ್ನಾನವಿಲ್ಲದೆ ಸತ್ತ ಶಿಶುವನ್ನು ತಾಯಂದಿರು ಗುಟ್ಟಾಗಿ ಇಗರ್ಜಿಯ ಮಾಡಿನ ಅಂಚಿನ ಕೆಳಗೆ ಹೂಳುತ್ತಿದ್ದರು. ಪವಿತ್ರ ಮಾಡಿನಿಂದ ಇಳಿದ ನೀರು ಮಗುವಿನ ತಲೆಯ ಮೇಲೆ ಬೀಳುತ್ತಾ ಇದ್ದರೆ ದೇವರು ಅದನ್ನೇ ಜ್ಞಾನಸ್ನಾನವೆಂದು ಒಪ್ಪಿಕೊಳ್ಳುತ್ತಾನೆ ಎಂದು ನಂಬಿಕೆ.

ನಮ್ಮ ಇಗರ್ಜಿಗೂ ಮಾಡು ಉಂಟು. ನಮ್ಮ ಊರಿನಲ್ಲಿ ಅದರಿಂದ ಇಳಿಯುವ ನೀರಿಗೆ ಬರವೇ? ಅಂತೋನಿಯನ್ನು ಗೋಡೆಯ ಬುಡದಿಂದ ತೆಗೆದು ಅಲ್ಲಿ ಇಟ್ಟರೆ? ಬಾಯಿ ಬಿಟ್ಟು ಕೇಳಿಯೂ ಬಿಟ್ಟೆ.

"ಸಂಸ್ಕಾರ ಜೀವ ಇದ್ದವರಿಗೆ ಮಾತ್ರ ಮಾಸ್ತರೇ," ಎಂದರು ಫಾದರ್. "ನಿಮಗೆ ಗೊತ್ತುಂಟು."

ಗೊತ್ತಿತ್ತು. ಅವರೇ ಕಲಿಸಿದ್ದು.

"ಮತ್ತೆ ನಿಮ್ಮ ಅಮ್ಮ?"

"ಅಮ್ಮನಿಗೆ ಗೊತ್ತಿರ್ಲಿಲ್ಲ. ಮಳೆ ಬಂದಾಗಲೆಲ್ಲ ಇಲ್ಲಿ ಬಂದು ನಿಲ್ತಾ ಇದ್ದಳು, ಖುಷಿಯಲ್ಲಿ. ನಾನು ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಮುಗಿಸಿ ರಜೆಗೆ ಬಂದೆ. ಸತ್ಯವನ್ನು ಹೇಳುದು ಪ್ರೀತಿ ಅಂತ ತಿಳಿದಿದ್ದೆ. ಅಮ್ಮ, ಅದರಿಂದ ಏನೂ ಆಗುದಿಲ್ಲ ಅಂತ ಹೇಳಿದೆ. ಎಲ್ಲ ವಿವರಿಸಿದೆ." ಅವರು ಹನಿಯ ಕೆಳಗೆ ಕೈ ಹಿಡಿದರು. "ಆಮೇಲೆ ಅವಳು ಇಲ್ಲಿಗೆ ಬರ್ಲಿಲ್ಲ. ನನಗೆ ಗುರುದೀಕ್ಷೆ ಆದಾಗ ಬಂದು ಹಿಂದೆ ಕೂತಳು. ನನ್ನ ಕೈಯಿಂದ ಪ್ರಸಾದ ತೆಗೊಳ್ಳಲಿಲ್ಲ."

"ಅಷ್ಟೆಲ್ಲ ಗೊತ್ತಿದ್ದೂ ನನ್ನ ಮಗನನ್ನು ಹೊರಗೆ ಇಟ್ಟಿರಿ."

"ಒಳಗೆ ಇಟ್ಟಿದ್ದರೆ ಅಮ್ಮನಿಗೆ ಹೇಳಿದ್ದು ಸುಳ್ಳು ಆಗ್ತಿತ್ತು," ಎಂದರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ನನಗೂ ಅಳು ಬಂತು. ಇಬ್ಬರೂ ಆ ಮಾಡಿನ ಕೆಳಗೆ ತೋಯುತ್ತಾ ನಿಂತೆವು. ರೋಸಾ ಕೊಡೆ ಹಿಡಿದು ಬಂದು ಗದರಿ ಇಬ್ಬರನ್ನೂ ಮನೆಗೆ ಎಳೆದುಕೊಂಡು ಹೋದಳು.

ನಾನು ಹೊರಡುವ ದಿನ ಫಾದರ್ ನನ್ನ ಕೈ ಹಿಡಿದು ಒಂದೇ ಮಾತು ಕೇಳಿದರು. ಸೆವ್ರಿನ್‌ಗೆ ಏನು ಹೇಳುತ್ತೀರಿ? ಭರಣಿಯಲ್ಲಿ ಉಳಿದಿದ್ದ ಉಪ್ಪಿನಕಾಯಿಯನ್ನು ಅವರಿಗೆ ಬಿಟ್ಟು ಬಂದೆ.

ಮರಳಿ

ಬರುವಾಗ ಹಡಗಿನಲ್ಲಿ ನನಗೆ ವಾಂತಿಯಾಗಲಿಲ್ಲ. ಆಗಿದ್ದರೆ ಯೋಚನೆಯಾದರೂ ತಪ್ಪುತ್ತಿತ್ತು. ಅಂತೋನಿ ಸ್ವರ್ಗದಲ್ಲಿ ಇದ್ದಾನೆ, ರೋಮಿನ ದೊಡ್ಡವರೇ ಹೇಳಿದರು ಎಂದು ಹೇಳಿಬಿಡುವುದೆಂದು ತೀರ್ಮಾನಿಸಿದೆ. ಫಾದರ್ ತಮ್ಮ ಅಮ್ಮನಿಗೆ ಮಾಡಿದ್ದನ್ನು ನಾನು ಮಾಡುವುದಿಲ್ಲ. ಬೊಂಬಾಯಿ ಬರುವವರೆಗೆ ಆ ಸುಳ್ಳನ್ನು ಕೊಂಕಣಿಯಲ್ಲಿ ಬಾಯಿಪಾಠ ಮಾಡಿದೆ.

ಕಡಬದ ಬಸ್ಸಿನಿಂದ ಇಳಿದು ಮನೆಗೆ ಬಂದಾಗ ಮಧ್ಯಾಹ್ನದ ಉರಿಬಿಸಿಲು. ಸೆವ್ರಿನ್ ಅಂಗಳದಲ್ಲಿ ನಿಂತಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಬೇಲಿ ದಾಟಿ ಪೂವಕ್ಕ ಬಂದಳು. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಬೊಂಡ.

"ಬಂದ್ರಾ ಮಾಸ್ಟ್ರೇ? ಎಂತ ಬಡವಾಗಿದ್ದೀರಿ ಮಾರಾಯ್ರೆ! ಅಲ್ಲಿ ತಿನ್ಲಿಕ್ಕೆ ಎಂತದೂ ಸಿಗುದಿಲ್ಲವಾ? ಮೊದಲು ಇದು ಕುಡೀರಿ."

ನಿಂತಲ್ಲಿಯೇ ಕೆತ್ತಿ ಕೊಟ್ಟಳು. ನಾನು ಎರಡು ಕೈಯಲ್ಲಿ ಹಿಡಿದೆ. ಸೆವ್ರಿನ್ ಬೇರೆ ಕಡೆ ನೋಡಿದಳು. ಪೂವಕ್ಕ ನನ್ನ ಮುಖವನ್ನೇ ಪ್ರೀತಿಯಿಂದ ನೋಡುತ್ತಿದ್ದಳು. ಕುಡಿದೆ, ಒಂದು ಹನಿ ಉಳಿಸದೆ. ತಂಪಾಗಿತ್ತು, ಸಿಹಿಯಾಗಿತ್ತು.

"ರೋಮಿನಲ್ಲಿ ಬೊಂಡ ಸಿಗ್ತದಾ?" ಎಂದು ಕೇಳಿದಳು.

"ಇಲ್ಲ ಪೂವಕ್ಕ. ಅಲ್ಲಿಯವರು ಕಂಡೇ ಇಲ್ಲ."

"ಪಾಪ," ಎಂದು ಹೇಳಿ ಚಿಪ್ಪನ್ನು ತೆಗೆದುಕೊಂಡು ಹೋದಳು.

ಸೆವ್ರಿನ್ ಜಗಲಿಯ ಮೇಲೆ ನನ್ನ ಎದುರಿಗೆ ಕೂತಳು. "ಕೇಳಿದ್ರಾ?"

ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಗೆ ಬಂತು. ಅವಳ ಕಣ್ಣನ್ನು ನೋಡಿದೆ. ನಾನು ಸುಳ್ಳು ಹೇಳುತ್ತೇನೆಂದು ಅವಳಿಗೆ ಮೊದಲೇ ಗೊತ್ತಿತ್ತು. ಬೇಡವೆಂದು ಆ ಕಣ್ಣು ಹೇಳುತ್ತಿತ್ತು. ಆದದ್ದನ್ನೆಲ್ಲ ಹೇಳಿದೆ. ಪಂಡಿತರು ಹೇಳಿದ ಜಾಗ, ಅಲ್ಲಿಯ ಸುಖ, ಕಾಣದ ದೇವರ ಮುಖ.

"ಅಲ್ಲಿ ಅಳ್ತಾನಾ?"

"ಇಲ್ಲ."

"ಹಸಿವು?"

"ಇಲ್ಲ."

"ನಾನು ಸತ್ತು ದೇವರ ಹತ್ತಿರ ಹೋದ್ರೆ, ಅವನು ಅಲ್ಲಿ ಇರುದಿಲ್ಲ."

"ಇರುದಿಲ್ಲ."

"ಪಾಪ ಮಾಡಿ ನರಕಕ್ಕೆ ಹೋದ್ರೆ?"

"ಅಲ್ಲಿಯೂ ಇರುದಿಲ್ಲ ಸೆವ್ರಿನ್."

"ಅವನಿರುವಲ್ಲಿಗೆ ಯಾರು ಹೋಗುದು ಹಾಗಾದ್ರೆ?"

"ಜ್ಞಾನಸ್ನಾನ ಆಗದ ಮಕ್ಕಳು ಮಾತ್ರ."

ಅವಳು ಸ್ವಲ್ಪ ಮುಂದೆ ಬಾಗಿದಳು. ಶಾಲೆಯಲ್ಲಿ ಜಾಣ ಮಗು ಗುರುಗಳನ್ನು ನಂಬಿ ಕೇಳುವ ಹಾಗೆ ಕೇಳಿದಳು:

"ನೀವು ಫಾದರ್ ಹತ್ತಿರ ಎಲ್ಲ ಕಲ್ತವರಲ್ಲವಾ? ನನಗೆ ಸಣ್ಣದಿರುವಾಗ ತಲೆಗೆ ಹಾಕಿದ ನೀರನ್ನು ಈಗ ತೆಗೀಲಿಕ್ಕೆ ಆಗ್ತದಾ?"

ಆ ಜಗಲಿ, ಆ ಸಂಜೆ, ಫಾದರ್ ಎದ್ದು ಬಂದು ಬೆನ್ನು ತಟ್ಟಿದ್ದು ನೆನಪಾಯಿತು. ಅವಳ ಪ್ರಶ್ನೆಯ ಉತ್ತರಕ್ಕೆ 'ಅಳಿಯದ ಮುದ್ರೆ' ಎಂದು ಕನ್ನಡದಲ್ಲಿ ಶಬ್ದ ಮಾಡಿ ಕೊಟ್ಟವನೇ ನಾನು.

"ಇಲ್ಲ," ಎಂದೆ. "ಅದು ಹೋಗುದಿಲ್ಲ."

ಸೆವ್ರಿನ್ ಸೆರಗಿನ ತುದಿಯನ್ನು ಹಿಡಿದು ತಲೆಯನ್ನು ಒಮ್ಮೆ ಒರೆಸಿಕೊಂಡಳು. ಮತ್ತೊಮ್ಮೆ ಗಟ್ಟಿಯಾಗಿ ಒರೆಸಿಕೊಂಡಳು. ಆಮೇಲೆ ನನಗೆ ಅನ್ನ ಬಡಿಸಲು ಒಳಗೆ ಹೋದಳು.